ಹಳೇ ಡರ್ಟ್ ಬೈಕ್ ನೋಡುವಾಗ ಮೀಟರ್ ಬಿಡಿ, ಚೈನ್ ಎಳೆಯಿರಿ
ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರದ) ತೀರಾ ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಬೈಕ್ ಚೆನ್ನಾಗಿಯೇ ದುಡಿದಿದೆ, ಮೀಟರ್ ಏನೇ ಹೇಳಲಿ. ಮಣ್ಣಲ್ಲಿ ಓಡಿಸುವವರು ಎಷ್ಟೋ ಸಲ ಮೀಟರನ್ನೇ ಬಿಚ್ಚಿಟ್ಟಿರುತ್ತಾರೆ. ಆದರೆ ಚೈನಿನ ಪಿನ್ನು, ಬುಷ್ ಸವೆದು ಉದ್ದ ಆದದ್ದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ ಅಲ್ವಾ? ಆದರೆ ಇದರಿಂದ ಬೈಕ್ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋ ಲೆಕ್ಕ ಮಾತ್ರ ಸಿಗುವುದಿಲ್ಲ. ಕೆಸರಲ್ಲಿ ಎಣ್ಣೆ ಕಾಣದ ಚೈನ್ ಬೇಗ ಸವೆಯುತ್ತದೆ. ಮಾರುವ ಮುಂಚೆ ಹೊಸ ಚೈನ್ ಸೆಟ್ ಹಾಕಿಸಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಫುಟ್‌ರೆಸ್ಟ್ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ. ಚುಚ್ಚಬೇಕಾದ ಹಲ್ಲು ನುಣ್ಣಗಿದ್ದು, ಪಕ್ಕದ ಫ್ರೇಮಿನ ಬಣ್ಣವೂ ಬೂಟು ಉಜ್ಜಿ ಹೋಗಿದ್ದರೆ, ‘ಸುಮ್ನೆ ಮನೇಲೇ ನಿಂತಿತ್ತು ಸರ್’ ಅನ್ನೋದನ್ನ ನಂಬಬೇಡಿ.