ಎದುರಾಳಿ ಸಹಿ ಹಾಕುವವರೆಗೆ ಉತ್ತರವಿಲ್ಲ: ಮಾಟುಂಗದ ನನ್ನ ಅನುಭವ

ಎಡದವರನ್ನೂ ಬಲದವರನ್ನೂ ಒಂದೇ ಮೇಜಿಗೆ ಕೂರಿಸಿ ಧರ್ಮ, ಪ್ರಭುತ್ವಗಳ ಬಗ್ಗೆ ಮಾತಾಡಿಸುತ್ತೇನೆ ಎಂದಾಗ ಮುಂಬಯಿ ಕನ್ನಡಿಗರಲ್ಲಿ ನಂಬಿದವರು ಕಡಿಮೆ. "ಎರಡನೇ ಸಲ ಯಾರೂ ಬರೋದಿಲ್ಲ ಬಿಡಿ" ಅಂದವರೇ ಹೆಚ್ಚು. ಮೂರು ವರ್ಷದ ಹತ್ತಿರ ಆಯಿತು, ಬಳಗ ನಡೆಯುತ್ತಿದೆ. ಬಿಟ್ಟು ಹೋದವರು ಒಬ್ಬಿಬ್ಬರು. ಇಂಥ ಬಳಗ ನಡೆಸಿ ಕೈಸೋತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ಸಭಾಂಗಣ ಹಿಡಿದೆವು. ಬಾಡಿಗೆ, ಮೈಕ್, ಬ್ಯಾನರ್, ಉಪಾಹಾರ ಸೇರಿ ಹತ್ತು ಹನ್ನೆರಡು ಸಾವಿರ ಹೋಯಿತು. ಚಂದಾ ಬಂದದ್ದು ಅರ್ಧ, ಉಳಿದದ್ದು ನನ್ನ ಪಿಂಚಣಿಯಿಂದ. ಮೈಕ್ ಸಿಕ್ಕ ಕೂಡಲೇ ಎರಡೂ ಕಡೆಯವರು ಒಬ್ಬರನ್ನೊಬ್ಬರು ಬಿಟ್ಟು ಸಭೆಯ ಕಡೆ ತಿರುಗಿದರು. ಚಪ್ಪಾಳೆ ಬಿದ್ದಲ್ಲಿ ಮಾತು ಬೆಳೆಯಿತು. ಮುಂದಿನ ಸಲ ಐದೈದು ನಿಮಿಷಕ್ಕೆ ಗಂಟೆ ಹೊಡೆಸಿದೆ, ಸಿಟ್ಟೆಲ್ಲ ಗಂಟೆ ಹೊಡೆದ ಹುಡುಗನ ಮೇಲೆ ತಿರುಗಿತು. ವಾಟ್ಸಾಪ್ ಗುಂಪು ಒಂದೇ ವಾರದಲ್ಲಿ ಫಾರ್ವರ್ಡ್‌ಗಳಿಂದ ತುಂಬಿತು, ಮುಚ್ಚಿದೆ.

ಫಲ ಕೊಟ್ಟ ದಾರಿ ಹಳೆಯದೇ. ನಮ್ಮ ಭಾಷ್ಯಕಾರರು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಪೂರ್ತಿ ಇಟ್ಟ ಮೇಲೇ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರು. ನಾನು ಸೇರಿಸಿದ್ದು ಸಹಿ. ಎದುರಾಳಿಯ ವಾದವನ್ನು ಒಂದೇ ಪುಟದಲ್ಲಿ, ಕೈಬರಹದಲ್ಲಿ ಬರೆದು ತರಬೇಕು. ಅವರು ಓದಿ "ಹೌದು, ಇದು ನನ್ನ ವಾದವೇ" ಎಂದು ಕೆಳಗೆ ಸಹಿ ಹಾಕುವವರೆಗೆ ಉತ್ತರ ಕೊಡುವಂತಿಲ್ಲ. ಪ್ರೇಕ್ಷಕರಿಲ್ಲ. ಮಾಟುಂಗದಲ್ಲಿ ಗೆಳೆಯರ ಅಂಗಡಿಯ ಮೇಲಿನ ಕೋಣೆ, ಆರೇಳು ಜನ, ಭಾನುವಾರ ಮಧ್ಯಾಹ್ನ. ಚಹಾ, ಝೆರಾಕ್ಸ್ ಸೇರಿ ಮುನ್ನೂರು ರೂಪಾಯಿ ದಾಟುವುದಿಲ್ಲ. ಮೆಗಾಬ್ಲಾಕ್ (ದುರಸ್ತಿಗಾಗಿ ಲೋಕಲ್ ರೈಲು ತಡೆ) ಇದ್ದ ದಿನ ಡೊಂಬಿವಲಿಯವರಿಗಾಗಿ ಅರ್ಧ ಗಂಟೆ ಕಾಯುತ್ತೇವೆ. ಅವರಿಲ್ಲದೆ ಶುರು ಮಾಡಿದರೆ ಅವರ ಪಕ್ಷಕ್ಕೆ ಆಳು ಸಾಲುವುದಿಲ್ಲ.

ನಿಜವಾದ ಪರೀಕ್ಷೆ ಜರ್ಮನ್ ಕಾನೂನು ಚಿಂತಕ ಕಾರ್ಲ್ ಶ್ಮಿಟ್‌ನನ್ನು ಓದಿದಾಗ. ಆಧುನಿಕ ರಾಜ್ಯದ ಮುಖ್ಯ ಪರಿಕಲ್ಪನೆಗಳೆಲ್ಲ ದೇವತಾಶಾಸ್ತ್ರದಿಂದ ಬಂದವು, ಅಲ್ಲಿ ಪವಾಡಕ್ಕಿರುವ ಜಾಗ ಕಾನೂನಿನಲ್ಲಿ ತುರ್ತುಸ್ಥಿತಿಗೆ ಎಂಬ 1922ರ ಅವನ ಮಾತನ್ನು ನಮ್ಮ 1975ರ ತುರ್ತುಪರಿಸ್ಥಿತಿಯ ಪಕ್ಕದಲ್ಲಿಟ್ಟೆ. ಒಂದು ಕಡೆ ಧಾರವಾಡದ ರಾಯರು, ಆಗ ಹತ್ತೊಂಬತ್ತರ ಆರೆಸ್ಸೆಸ್ ಸ್ವಯಂಸೇವಕರು, ಸತ್ಯಾಗ್ರಹ ಮಾಡಿ ಜೈಲು ಕಂಡವರು. ಇನ್ನೊಂದು ಕಡೆ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಕಲಿತ ಕಾಮ್ರೇಡ್. ಅವರ ಪಕ್ಷ, ಭಾರತ ಕಮ್ಯುನಿಸ್ಟ್ ಪಕ್ಷ (ಸಿಪಿಐ), ತುರ್ತುಪರಿಸ್ಥಿತಿಯನ್ನು ಬೆಂಬಲಿಸಿತ್ತು. 1978ರ ಭಟಿಂಡಾ ಮಹಾಧಿವೇಶನದಲ್ಲಿ ಅದು ತಪ್ಪಾಯಿತೆಂದು ಒಪ್ಪಿತು.

ಕಾಮ್ರೇಡ್ ರಾಯರ ವಾದ ಬರೆದು ತಂದರು. ರಾಯರು ಕನ್ನಡಕ ಒರೆಸಿಕೊಂಡು ಓದಿ, ನಾಲ್ಕನೇ ಸಾಲಿನ ಕೆಳಗೆ ಗೆರೆ ಎಳೆದರು. "ರಾಷ್ಟ್ರವೇ ದೇವರು ಅಂತ ಬರದೀರಿ. ರಾಷ್ಟ್ರ ನಮಗ ತಾಯಿ, ಖರೆ. ಆದ್ರ ಗಾದಿ ಮ್ಯಾಲ ಕೂತವರು ತಾಯಿ ಅಲ್ರೀ ಕಾಮ್ರೇಡ್. ಹಂಗ ಇದ್ದಿದ್ರ ನಾ ಯಾಕ ಜೈಲಿಗೆ ಹೋಗ್ತಿದ್ದೆ?" ಕಾಮ್ರೇಡ್ ಏನೂ ಹೇಳದೆ ಕಾಗದ ಮಡಚಿಕೊಂಡರು. ಮುಂದಿನ ಕೂಟಕ್ಕೆ ಸಾಲು ತಿದ್ದಿ ತಂದರು. ಸಹಿ ಬಿತ್ತು. ಉತ್ತರ ಶುರುವಾದಾಗ ಹಿಂದೆಂದೂ ಕೇಳದಷ್ಟು ಖಾರವಾಗಿತ್ತು, ಏಕೆಂದರೆ ಈಗ ಏಟು ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ರಾಷ್ಟ್ರ ಬೇರೆ ಗಾದಿ ಬೇರೆ ಎಂದು ತೀರ್ಪು ಕೊಡುವವರು ಯಾರು ಎಂದು ಕಾಮ್ರೇಡ್ ಕೇಳಿದ್ದಕ್ಕೆ ರಾಯರು ಇನ್ನೂ ಉತ್ತರ ಕೊಟ್ಟಿಲ್ಲ. ಹುಡುಕುತ್ತಿದ್ದಾರೆ.

ರಾಜಕೀಯವೆಂದರೇ ಮಿತ್ರ-ಶತ್ರುಗಳ ವಿಂಗಡಣೆ ಎಂದ ಶ್ಮಿಟ್‌ನನ್ನು ಸಂವಾದಕ್ಕೆ ತರುವುದೇ ಅಸಂಬದ್ಧ ಎಂದು ಒಬ್ಬ ಪ್ರಾಧ್ಯಾಪಕರು ವಾದಿಸಿದರು. ಆದರೆ 1933ರಲ್ಲಿ ನಾಜಿ ಪಕ್ಷ ಸೇರಿದ ಅವನನ್ನು ನೋಡಲು, ಯಹೂದಿ ಚಿಂತಕ ಯಾಕೋಬ್ ಟೌಬೆಸ್ 1978ರಲ್ಲಿ ಅವನ ಊರಾದ ಪ್ಲೆಟೆನ್‌ಬರ್ಗ್‌ವರೆಗೆ ಹೋಗಿ, ಬೈಬಲಿನಲ್ಲಿ ಪೌಲನು ರೋಮನರಿಗೆ ಬರೆದ ಪತ್ರವನ್ನು ಮುಂದಿಟ್ಟುಕೊಂಡು ಮಾತಾಡಿದ. ಕ್ಷಮಿಸಲು ಹೋಗಿರಲಿಲ್ಲ, ವಾದಿಸಲು ಹೋಗಿದ್ದ. ನನಗೆ ಅಷ್ಟು ಸಾಕು.

ನಮ್ಮಲ್ಲಿ ಇನ್ನೂ ದೊಡ್ಡ ಉದಾಹರಣೆಯಿದೆ. 1936ರಲ್ಲಿ ಲಾಹೋರಿನ ಸಂಘಟಕರು ಸಭೆಯನ್ನೇ ರದ್ದು ಮಾಡಿದ ಮೇಲೆ ಅಂಬೇಡ್ಕರರು ಅಲ್ಲಿ ಮಾಡಬೇಕಿದ್ದ 'ಜಾತಿ ವಿನಾಶ' ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. ಒಂದೂವರೆ ಸಾವಿರ ಪ್ರತಿ ಎರಡು ತಿಂಗಳಲ್ಲಿ ಖಾಲಿ. 1937ರ ಎರಡನೇ ಆವೃತ್ತಿಯಲ್ಲಿ, ಗಾಂಧಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಬರೆದ ಟೀಕೆಯನ್ನು ಸೇರಿಸಿ, ಅದರ ಜೊತೆಗೆ ತಮ್ಮ ಉತ್ತರ ಕೊಟ್ಟರು. ಅಂಬೇಡ್ಕರರ ಮನೆ ರಾಜಗೃಹ ನಮ್ಮ ಕೋಣೆಯಿಂದ ನಡೆದು ಹೋಗುವಷ್ಟು ಹತ್ತಿರ. ಹೊಸಬರು ಬಂದರೆ ಮೊದಲು ಅದನ್ನು ತೋರಿಸಿ ಕರೆತರುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ವಚನಗಳನ್ನಿಟ್ಟು ನೋಡಿದೆವು, ಎಲ್ಲರೂ ಬಸವಣ್ಣ ತಮ್ಮವನೇ ಎಂದರು, ಜಗಳವೇ ಹುಟ್ಟಲಿಲ್ಲ. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೇ ಒಯ್ಯುತ್ತದೆ ಎಂಬ 1949ರ ನವೆಂಬರ್ 25ರ ಅಂಬೇಡ್ಕರರ ಮಾತು ಚೆನ್ನಾಗಿ ಕೆಲಸ ಮಾಡಿತು. ಇಬ್ಬರೂ ಮೊದಲು ಎದುರಿನವರ ನಾಯಕರನ್ನು ತೋರಿಸಿದರು, ಆಮೇಲೆ ಬಹಳ ಹೊತ್ತು ಸುಮ್ಮನಾದರು. ಪತ್ರದ ಮೂಲಕ ನಡೆಸಿದ್ದು ಕುಂಟಿತು, ಕೊರಿಯರ್ ಖರ್ಚೇ ಏಳೆಂಟುನೂರು ಆಯಿತು.

ಯಾರು ಮೊದಲು ಬರೆಯಬೇಕು, ಯಾರ ಪಕ್ಕ ಯಾರು ಕೂರಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ, ಬಂದು ಕೂತರೆ ತಾನೇ ತಿಳಿಯುತ್ತದೆ. ಪುಣೆಯ ಗೆಳೆಯರು ನಿಯಮಗಳನ್ನು ಕೇಳಿ ಒಯ್ದಿದ್ದಾರೆ. ಅವರಿಗೆ ಹೇಳಿದ್ದು ಇಷ್ಟೇ: ಒಂದು ಕೂಟಕ್ಕೆ ಒಂದೇ ವಾದ, ಇಡೀ ಸಿದ್ಧಾಂತವಲ್ಲ, ಮತ್ತು ಯಾರೂ ಫೋಟೋ ತೆಗೆಯಬಾರದು.

ನಮ್ಮ ಮುಂದಿನ ವಿಷಯ 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರರು ಬೌದ್ಧರಾದ ಧಮ್ಮದೀಕ್ಷೆ. ಈ ಸಲ ಬರೆಯುವ ಸರದಿ ರಾಯರದು. ಅವರ ಮೊದಲ ಕರಡನ್ನು ಕಾಮ್ರೇಡ್ ಸಹಿ ಹಾಕದೆ ವಾಪಸ್ ಕೊಟ್ಟಿದ್ದಾರೆ.