ಮನೆ ಮತ್ತೆ ಕಟ್ಟುವ ಮೊದಲು ಕಾಗದ, ದುಡ್ಡಿನ ಲೆಕ್ಕ ಸರಿ ಮಾಡಿಕೊಳ್ಳಿ

ನೆರೆಯೋ ಬೆಂಕಿಯೋ ಭೂಕಂಪವೋ ಮನೆ ಕೆಡವಿ ಹೋದ ಮೇಲೆ ಯಾರಿಗಾದರೂ ಮೊದಲು ಅನ್ನಿಸುವುದು, ಈ ರಾಶಿ ಎಲ್ಲ ಬೇಗ ಎತ್ತಿಸಿ ಕೆಲಸ ಶುರು ಮಾಡಿಸೋಣ ಅಂತ. ಸ್ವಲ್ಪ ತಡೆಯಿರಿ. ವಿಮೆ, ಪರಿಹಾರ ಕೇಳುವಾಗ ಆ ರಾಶಿಯೇ ನಿಮ್ಮ ಸಾಕ್ಷಿ.

ಒಳಗೆ ಹೋಗುವುದು ಸುರಕ್ಷಿತ ಅಂತ ತಿಳಿದವರು ಹೇಳಿದ ಮೇಲೆ ಕೋಣೆ ಕೋಣೆಗೂ ಹೋಗಿ ಫೋಟೋ, ವಿಡಿಯೋ ಮಾಡಿಕೊಳ್ಳಿ. ಗೋಡೆ ಮೇಲಿನ ನೀರಿನ ಗುರುತಿಗೆ ಟೇಪು ಹಿಡಿದು, ಅಂಕಿ ಕಾಣುವ ಹಾಗೆ ಒಂದು ಫೋಟೋ ಬೇಕು. ಫ್ರಿಜ್, ವಾಷಿಂಗ್ ಮಷೀನಿನ ಮೇಲೆ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಇರುವ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನೂ ತೆಗೆಯಿರಿ. ಚಾವಣಿಗೆ ಟಾರ್ಪಾಲು ಹೊದಿಸುವಂಥ ತುರ್ತು ಕೆಲಸ ಮಾತ್ರ ನಿಲ್ಲಿಸಬೇಡಿ, ಯಾಕೆಂದರೆ ಹಾನಿ ಇನ್ನೂ ಹೆಚ್ಚಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಬಹುತೇಕ ವಿಮೆ ಪಾಲಿಸಿಗಳು ಮನೆಯವರ ಮೇಲೇ ಹಾಕಿರುತ್ತವೆ. ಅದರ ಬಿಲ್ಲು ಜೋಪಾನ.

ಪತ್ರಗಳು ಒದ್ದೆಯಾಗಿದ್ದರೆ ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಸುಮಾರು 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಅಷ್ಟರಲ್ಲಿ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಆಮೇಲೆ ನಿಧಾನವಾಗಿ ಒಣಗಿಸಬಹುದು. ಕಳೆದೇ ಹೋದ ಆಸ್ತಿ ಪತ್ರ, ಗುರುತಿನ ಚೀಟಿಗಳ ನಕಲಿಗೆ ಇವತ್ತೇ ಅರ್ಜಿ ಹಾಕಿ. ಪರಿಹಾರ, ಸಾಲ, ಕಟ್ಟುವ ಪರವಾನಗಿ ಎಲ್ಲವೂ ಅದಿಲ್ಲದೆ ನಿಂತುಬಿಡುತ್ತವೆ.

ಈಗ ವಿಮೆ ಪಾಲಿಸಿಯ ವಿಷಯ. ಪೂರ್ತಿ ಓದಿ, ದಯವಿಟ್ಟು. ಮುಖ್ಯವಾಗಿ ನೋಡಬೇಕಾದ್ದು, ಸವಕಳಿ, ಅಂದರೆ ಹಳೆಯದಾದಷ್ಟು ಇಳಿಯುವ ಬೆಲೆ, ಕಳೆದು ಕೊಡುತ್ತಾರೋ ಅಥವಾ ಹೊಸದಾಗಿ ಕಟ್ಟುವ ಖರ್ಚು ಕೊಡುತ್ತಾರೋ ಅನ್ನುವುದು. 20 ವರ್ಷ ಬಾಳಬೇಕಾದ ಚಾವಣಿ 10 ವರ್ಷದ ಹಳೆಯದಾಗಿದ್ದರೆ ಸವಕಳಿ ಲೆಕ್ಕದಲ್ಲಿ ಕೈಗೆ ಬರುವುದು ಹೆಚ್ಚುಕಮ್ಮಿ ಅರ್ಧ. ಪೂರ್ತಿ ಖರ್ಚು ಕೊಡುವ ಪಾಲಿಸಿಯಲ್ಲೂ ಎಷ್ಟೋ ಸಲ ಮೊದಲು ಸವಕಳಿ ಕಳೆದ ಮೊತ್ತ ಕೊಟ್ಟು, ಉಳಿದದ್ದನ್ನು ಕೆಲಸ ಮುಗಿದು ಬಿಲ್ಲು ತೋರಿಸಿದ ಮೇಲೆ ಕೊಡುತ್ತಾರೆ, ಅಂದರೆ ನಡುವೆ ಕೈಯಿಂದ ಹಾಕಲು ದುಡ್ಡು ಬೇಕಾಗುತ್ತದೆ, ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಳಪಾಯ ಹಾಕಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬಾಡಿಗೆ ಮನೆಯ ಖರ್ಚು, ಹೊಸ ಕಟ್ಟಡ ನಿಯಮಕ್ಕೆ ತಕ್ಕಂತೆ ಕಟ್ಟುವಾಗ ಬರುವ ಹೆಚ್ಚಿನ ಖರ್ಚು ಸೇರಿದೆಯಾ ಅಂತಲೂ ನೋಡಿ.

ವಿಮೆಯ ಮೊದಲ ಚೆಕ್ಕು ಬಂದಾಗ ಜೊತೆಗಿರುವ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ" ಅಂತ ಇದ್ದರೆ ಸಹಿ ಹಾಕಬೇಡಿ. ಗೋಡೆ ಒಡೆದ ಮೇಲೇ ಕಾಣುವ ಹಾನಿ ಎಷ್ಟೋ ಇರುತ್ತದೆ, ಅಲ್ವಾ? ಇದು ಭಾಗಶಃ ಪಾವತಿ, ಉಳಿದದ್ದನ್ನು ಕೇಳುವ ಹಕ್ಕು ನನಗಿದೆ ಅಂತ ಬರಹದಲ್ಲಿ ತಿಳಿಸಿ. ಹಾನಿ ಅಳೆಯಲು ವಿಮೆ ಕಂಪನಿ ಕಳಿಸುವ ಸರ್ವೇಯರ್ ಹಾಕಿದ ಅಂದಾಜು ಕಡಿಮೆ ಅನ್ನಿಸಿದರೆ ಬೇರೆ ಎಂಜಿನಿಯರ್ ಹತ್ತಿರ ವಿವರವಾದ ಪಟ್ಟಿ ಮಾಡಿಸಿ ಎದುರಿಡಿ. ಸುಮ್ನೆ ಜಗಳ ಆಡುವುದಕ್ಕಿಂತ ಆ ಪಟ್ಟಿಗೆ ಬೆಲೆ ಜಾಸ್ತಿ.

ಮನೆ ಮೇಲೆ ಸಾಲ ಇದ್ದರೆ ಬ್ಯಾಂಕಿಗೆ ಮೊದಲೇ ಹೇಳಿ. ಮನೆ ಬಿದ್ದರೂ ಕಂತು ನಿಲ್ಲುವುದಿಲ್ಲ, ಆದರೆ ಕೇಳಿದರೆ ಕೆಲವು ತಿಂಗಳು ಮುಂದೂಡುವ ಸಾಧ್ಯತೆ ಇರುತ್ತದೆ. ಆ ತಿಂಗಳುಗಳ ಬಡ್ಡಿ ಅಸಲಿಗೆ ಸೇರುತ್ತದಾ ಅಂತಲೂ ಕೇಳಿ. ವಿಮೆ ಚೆಕ್ಕು ಬ್ಯಾಂಕಿನ ಹೆಸರಲ್ಲೂ ಬರಬಹುದು, ಆಗ ಅವರು ಕೆಲಸ ನೋಡಿ ಹಂತ ಹಂತವಾಗಿ ಹಣ ಬಿಡುತ್ತಾರೆ.

ಕಂಟ್ರಾಕ್ಟರ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ತಾನಾಗಿ ಬಾಗಿಲಿಗೆ ಬಂದು "ಇವತ್ತೇ ಸಹಿ ಹಾಕಿ" ಅನ್ನುವವರನ್ನು, ಕ್ಲೇಮಿನ ಹಣ ನೇರ ತನಗೇ ಬರುವಂತೆ ಬರೆದುಕೊಡಿ ಅನ್ನುವವರನ್ನು ಹಾಗೇ ಕಳಿಸಿಬಿಡಿ. ದೊಡ್ಡ ಅಡ್ವಾನ್ಸ್ ಬೇಡ. ತಳಪಾಯಕ್ಕೆ ಇಷ್ಟು, ಗೋಡೆಗೆ ಇಷ್ಟು, ಚಾವಣಿಗೆ ಇಷ್ಟು ಅಂತ ಒಪ್ಪಂದದಲ್ಲೇ ಬರೆಸಿ, ಕೊನೆಯ ಕಂತನ್ನು ಎಲ್ಲ ಮುಗಿದ ಮೇಲೆ ಕೊಡಿ. ಪ್ರತಿ ಕಂತಿಗೆ ಮುಂಚೆ ಸಿಮೆಂಟು, ಕಬ್ಬಿಣ ಕೊಟ್ಟವರಿಗೆ ಕಂಟ್ರಾಕ್ಟರ್ ದುಡ್ಡು ಕಟ್ಟಿದ ರಸೀದಿ ಕೇಳಿ. ಇಲ್ಲದಿದ್ದರೆ ಆ ಬಾಕಿಗೆ ನಾಳೆ ನಿಮ್ಮ ಮನೆಗೇ ಬರುತ್ತಾರೆ.