ಅಕ್ಕಪಕ್ಕದವರಿಗೆ ಹೊರೆಯಾಗದಂತೆ ಬ್ಯಾಂಡ್ ಇಳಿಸಿಕೊಂಡ ನನ್ನ ಅನುಭವ

"ಇರಲಾರದೆ ಇರುವೆ ಬಿಟ್ಕೊಂಡ್ರಂತೆ, ಹಾಗಾಯ್ತು ನಿನ್ ಕಥೆ." ಇಂಗ್ಲೆಂಡಿನ ಮನೆ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸಿನ ಬ್ಯಾಂಡ್ (1991ರ ಬೆಲೆ ನೋಡಿ ಮನೆಗೆ ಕೊಟ್ಟ ಎ, ಬಿ, ಸಿ ಥರದ ದರ್ಜೆ, ಎ ಕಡೆ ಇದ್ದಷ್ಟೂ ತೆರಿಗೆ ಕಡಿಮೆ) ಪ್ರಶ್ನೆ ಮಾಡ್ತೀನಿ ಅಂದಾಗ ನನ್ನ ಶಿವಮೊಗ್ಗದ ಗೆಳೆಯ ಹೇಳಿದ ಮಾತು ಇದು. ಅವನೂ ಇಲ್ಲೇ ಸ್ವಿಂಡನ್‌ನಲ್ಲಿದ್ದಾನೆ, ನನಗಿಂತ ಹಳಬ. ಈಗ ನನ್ನ ಮನೆ ಡಿಯಿಂದ ಸಿಗೆ ಇಳಿದಿದೆ, ಹಳೇ ದುಡ್ಡೂ ವಾಪಸ್ ಬಂದಿದೆ, ಪಕ್ಕದವರು ಈಗಲೂ ನಗುನಗುತ್ತಾ ಮಾತಾಡಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬ್ಯಾಂಡನ್ನು ಆನ್‌ಲೈನಲ್ಲಿ ಎಲ್ಲಿ ನೋಡಬೇಕು ಅನ್ನೋದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ನಾವು ಮನೆ ತಗೊಂಡಿದ್ದು 2017ರಲ್ಲಿ. ಎಪ್ಪತ್ತರ ದಶಕದ ಮೂರು ಬೆಡ್‌ರೂಮಿನ ಸೆಮಿ, ಅಂದರೆ ಒಂದು ಪಕ್ಕದ ಗೋಡೆ ಇನ್ನೊಂದು ಮನೆಗೆ ಅಂಟಿಕೊಂಡಿದ್ದು. ನಮ್ಮ ಸಾಲಿನಲ್ಲಿ ಒಂದೇ ಅಚ್ಚಿನಲ್ಲಿ ಹೊಯ್ದಂಥ ಎಂಟು ಮನೆ. ಬ್ಯಾಂಡ್ ಮಾತ್ರ ಐದಕ್ಕೆ ಸಿ, ಮೂರಕ್ಕೆ ಡಿ. ಆ ಮೂರರಲ್ಲಿ ನಮ್ಮದೂ ಒಂದು. 1991ರಲ್ಲಿ ಬೆಲೆ ಕಟ್ಟಲು ಬಂದವರು ಎಷ್ಟೋ ಕಡೆ ಕಾರಿನಿಂದ ಕೆಳಗೇ ಇಳಿಯಲಿಲ್ಲ, ಎರಡನೇ ಗೇರ್‌ನಲ್ಲೇ ಹೋಗುತ್ತಾ ಬರೆದುಕೊಂಡರು ಅಂತ ಇಲ್ಲಿ ಈಗಲೂ ತಮಾಷೆ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಆಮೇಲೆ ಮರುಮೌಲ್ಯಮಾಪನವೇ ಆಗಿಲ್ಲ. ವೇಲ್ಸ್‌ನವರು 2003ರ ಬೆಲೆ ಹಿಡಿದು ಒಮ್ಮೆ ಮಾಡಿಕೊಂಡರು. ನಾವಿನ್ನೂ 1991ರಲ್ಲೇ ಇದ್ದೇವೆ.

ಮೊದಲ ಸಲ ನಾನೇ ಎಡವಿದೆ. ಕೊಂಡು ಆರು ತಿಂಗಳೊಳಗೆ ಅರ್ಜಿ ಹಾಕಿದ್ದರೆ ಅಧಿಕೃತವಾಗಿ ಚಾಲೆಂಜ್ ಮಾಡುವ ಹಕ್ಕಿತ್ತು. ಮನೆಗೆ ಬಣ್ಣ ಹೊಡೆಸೋದು, ಮಗಳ ಸ್ಕೂಲು ಅಂತ ಅದು ಕೈತಪ್ಪಿತು. 2019ರಲ್ಲಿ ಬ್ಯಾಂಡ್ ರಿವ್ಯೂಗೆ, ಅಂದರೆ ಬ್ಯಾಂಡ್ ಸರಿಯಿದೆಯಾ ಮತ್ತೊಮ್ಮೆ ನೋಡಿ ಅಂತ, ಬರೆದೆ. ಜೊತೆಗೆ ಹೋಲಿಕೆಗೆ ಸಿ ಬ್ಯಾಂಡಿನ ಐದು ಮನೆ ಹೆಸರಿಸಿದೆ. ಐದೂ ಹಿಂದಿನ ರಸ್ತೆಯಲ್ಲಿ ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಟೆರೇಸ್ ಮನೆಗಳು, ನಮ್ಮದಕ್ಕಿಂತ ಚಿಕ್ಕವು! ಸೆಮಿಗೆ ಸೆಮಿಯನ್ನೇ ಹೋಲಿಸಬೇಕು ಅನ್ನೋ ಬುದ್ಧಿ ಅವತ್ತು ಇರಲಿಲ್ಲ. ಬದಲಾವಣೆ ಇಲ್ಲ ಅಂತ ಉತ್ತರ ಬಂತು. ಈಗ ಆ ಪಟ್ಟಿ ನೋಡಿದರೆ ನನಗೇ ನಗು ಬರುತ್ತದೆ.

ದುಡ್ಡೂ ಸುಮ್ನೆ ಹೋಯಿತು. ಆಸ್ತಿ ನೋಂದಾಯಿಸುವ ಲ್ಯಾಂಡ್ ರಿಜಿಸ್ಟ್ರಿಯಿಂದ ಮೂರು ಮನೆಯ ಟೈಟಲ್ ದಾಖಲೆ ತರಿಸಿದೆ, ಒಂದಕ್ಕೆ ಮೂರು ಪೌಂಡಿನಂತೆ. 1995ರಿಂದೀಚಿನ ಮಾರಾಟದ ಬೆಲೆ ಪುಕ್ಕಟೆ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಒಂದು ಏಜೆನ್ಸಿಯವನು ಬೇರೆ ಫೋನ್ ಮಾಡಿದ್ದ. ಗೆದ್ದರೆ ಬಂದಿದ್ದರಲ್ಲಿ ಮೂವತ್ತು ಪರ್ಸೆಂಟೋ ಎಷ್ಟೋ ಕೊಡಬೇಕಂತೆ. ಅರ್ಜಿಗೆ ಒಂದು ಪೆನ್ನಿಯೂ ಖರ್ಚಿಲ್ಲದ ಕೆಲಸಕ್ಕೆ! ಇಟ್ಟುಬಿಟ್ಟೆ.

ನಿಜವಾದ ಹೆದರಿಕೆ ಶುರುವಾಗಿದ್ದು ಇದಾದ ಮೇಲೆ. ಬ್ಯಾಂಡ್ ಇಳಿಯುವುದಷ್ಟೇ ಅಲ್ಲ, ಏರಲೂಬಹುದು. ನಿಮ್ಮದಷ್ಟೇ ಅಲ್ಲ, ಪಕ್ಕದವರದೂ. ಪರಿಶೀಲಿಸುವವರು ಎಂಟೂ ಮನೆ ನೋಡಿ "ಡಿಯೇ ಸರಿ, ಆ ಐದೇ ತಪ್ಪು" ಅಂದುಬಿಟ್ಟರೆ? ಏರಿಕೆ ಹಿಂದಿನ ವರ್ಷಗಳಿಗೆ ಅನ್ವಯಿಸಲ್ಲ, ಅದೊಂದು ಸಮಾಧಾನ. ಆದರೂ ವರ್ಷಕ್ಕೆ ಮನೆಗೆ ಹೆಚ್ಚುಕಮ್ಮಿ 240 ಪೌಂಡ್ ಜಾಸ್ತಿ. ನಮ್ಮ ಗೋಡೆಗೆ ಅಂಟಿಕೊಂಡ ಮನೆಯ ಅಜ್ಜಿ ಪೆನ್ಷನ್‌ನಲ್ಲಿ ಬದುಕುವವರು. "ರೀ, ನಾಳೆ ಅವರ ಬಿಲ್ ಏರಿದ್ರೆ ಯಾವ ಮುಖ ಇಟ್ಕೊಂಡು ಮಾತಾಡ್ಸೋದು?" ಅಂದಳು ಹೆಂಡತಿ. ಅದೂ ನಿಜ ಅಲ್ವಾ? ಐದು ವರ್ಷ ಕೈಕಟ್ಟಿ ಕೂತೆ.

ಅಪ್ಪನಿಗೆ ಇದೆಲ್ಲ ಅರ್ಥವೇ ಆಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಅವರು ವಲಯ ನೋಡಿ, ಚದರಡಿ ಗುಣಿಸಿ, ಏಪ್ರಿಲ್‌ನಲ್ಲೇ ಕಟ್ಟಿ ಐದು ಪರ್ಸೆಂಟ್ ರಿಯಾಯಿತಿ ಹಿಡಿಯುವ ಗಟ್ಟಿ ಆಸಾಮಿ. "ನಿನ್ ಮನೆ ಲೆಕ್ಕಕ್ಕೆ ಪಕ್ಕದ್ಮನೆ ಯಾಕೆ ಬರುತ್ತೋ?" ಅಂತ ಕೇಳಿದರು. ಬರುತ್ತೆ ಅಪ್ಪಾ, ಇಲ್ಲಿ ಸಾಕ್ಷಿಯೇ ಪಕ್ಕದ ಮನೆ.

2024ರಲ್ಲಿ ಬಿಲ್ ನೋಡಿ ಮತ್ತೆ ತುರಿಕೆ ಶುರುವಾಯಿತು. ಈ ಸಲ ಪ್ರಶ್ನೆಯನ್ನೇ ತಿರುಗಿಸಿದೆ. ನನ್ನ ಬ್ಯಾಂಡ್ ಇಳಿಯುತ್ತಾ ಅಂತಲ್ಲ, ಅಜ್ಜಿಯ ಸಿ ಸರಿಯೇ ಅಂತ. ಅದು ಗಟ್ಟಿಯಾದರೆ ಮಾತ್ರ ಕೈ ಹಾಕೋದು. ಸಿ ಅಂದರೆ 1991ರ ಏಪ್ರಿಲ್‌ನಲ್ಲಿ 52 ಸಾವಿರದ ಮೇಲೆ, 68 ಸಾವಿರದವರೆಗೆ. ನಮ್ಮ ಸಾಲಿನ ಒಂದು ಮನೆ 1996ರಲ್ಲಿ 58 ಸಾವಿರದ ಆಸುಪಾಸಿಗೆ ಹೋಗಿತ್ತು. ಅದು 1991ಕ್ಕೆ ಎಷ್ಟಾಗುತ್ತೆ ಅಂತ, ಮನೆಸಾಲ ಕೊಡುವ ನೇಷನ್‌ವೈಡ್‌ನವರ ಬೆಲೆ ಲೆಕ್ಕದಲ್ಲಿ ಹಾಕಿದೆ. ಮೊದಲ ಸಲ ಬಂದ ಅಂಕಿ ನೋಡಿ ಎದೆ ಧಸಕ್ಕೆಂದಿತು. ನೋಡಿದರೆ, ನಮ್ಮ ಪ್ರದೇಶವಾದ ಸೌತ್ ವೆಸ್ಟ್ ಆರಿಸುವ ಬದಲು ಔಟರ್ ಸೌತ್ ಈಸ್ಟ್ ಒತ್ತಿದ್ದೆ. ಸರಿಮಾಡಿದ ಮೇಲೆ ಅರವತ್ತರ ಆಚೀಚೆ ಬಂತು. ಹಾಗಿದ್ದರೂ ಇದು ಅಂದಾಜು. ಇದೊಂದನ್ನೇ ನಂಬಿ ಐದು ಮನೆಯವರ ದುಡ್ಡಿನ ಮೇಲೆ ಜೂಜಾಡೋದು ಬೇಡ ಅನ್ನಿಸಿತು.

ಮನೆಗಳು ನಿಜಕ್ಕೂ ಒಂದೇ ಅಳತೆಯವೇ ಅಂತ ನೋಡೋಕೆ ಇಪಿಸಿ (ಮನೆಯ ಇಂಧನ ದಕ್ಷತೆ ಹೇಳುವ) ಸರ್ಟಿಫಿಕೇಟುಗಳನ್ನು ತೆಗೆದೆ, ಅದರಲ್ಲಿ ಚದರ ಮೀಟರ್ ಇರುತ್ತದೆ. ಎಂಟರಲ್ಲಿ ಐದಕ್ಕೆ ಸಿಕ್ಕಿತು. ನಾಲ್ಕು 84–85, ಒಂದು 97. ಆ 97 ಹಿಂದುಗಡೆ ಅಡುಗೆಮನೆ ದೊಡ್ಡದು ಮಾಡಿಸಿದ್ದು. ಅದನ್ನು ಪಟ್ಟಿಯಿಂದ ಹೊರಗಿಟ್ಟೆ. ಉಳಿದ ಮನೆಗಳನ್ನು ಯಾವ ಕ್ರಮದಲ್ಲಿ ಬರೆದೆ, ಯಾಕೆ ಹಾಗೆ ಬರೆದೆ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ. ಎದುರಿಗೆ ಸಿಕ್ಕರೆ, ಕಾಫಿ ಕೊಡಿಸಿದರೆ ನೋಡೋಣ.

ಕೊನೆಗೆ ಅಜ್ಜಿಗೆ ಹೇಳದೆ ಮಾಡಬಾರದು ಅಂತ ಒಂದು ಭಾನುವಾರ ಚಕ್ಕುಲಿ ಹಿಡಿದುಕೊಂಡು ಬಾಗಿಲು ತಟ್ಟಿದೆ. ವಿಷಯ ಬಿಚ್ಚಿ ಹೇಳಿದೆ, ಏರುವ ಅಪಾಯವನ್ನೂ ಮುಚ್ಚಿಡಲಿಲ್ಲ. ಅವರು ಬೈಯಲಿಲ್ಲ. ನಾನು ಎಷ್ಟು ಕೊಟ್ಟೆ ಗೊತ್ತಾ ಅಂತ ಮಹಡಿ ಹತ್ತಿದರು. ಹತ್ತು ನಿಮಿಷ ಸದ್ದೇ ಇಲ್ಲ. ಆಮೇಲೆ ಬೂಟಿನ ಡಬ್ಬವೊಂದನ್ನು ತಂದು ಮೇಜಿನ ಮೇಲೆ ಸುರಿದರು. ಗ್ಯಾಸ್ ಬಿಲ್ಲು, ಗಂಡನ ಸೈನ್ಯದ ಕಾಗದ, ಅದರ ನಡುವೆ ತುಕ್ಕು ಹಿಡಿದ ಪಿನ್ ಚುಚ್ಚಿದ ವಕೀಲರ ಲೆಕ್ಕಪತ್ರ. 1990ರ ವಸಂತ, 61,500 ಪೌಂಡ್. ಎರಡು ಸಲ ಓದಿದೆ. ನನಗೆ ಬೇಕಾದ ತಾರೀಕಿಗೆ ಒಂದೇ ವರ್ಷ ಹಿಂದಿನದು, ಅದೂ ಅದೇ ಅಚ್ಚಿನ ಮನೆ! ಯಾರಿಗೆ ಹೊಡೆತ ಬೀಳುತ್ತೆ ಅಂತ ಐದು ವರ್ಷ ಹೆದರಿದ್ದೆನೋ ಅವರ ಅಟ್ಟದಲ್ಲೇ ಮದ್ದು ಇತ್ತು. ಆ ಕಾಗದ ಅವರ ಸಿ ಬ್ಯಾಂಡನ್ನೂ ಕಾಯುತ್ತದೆ, ನನ್ನ ಡಿಯನ್ನೂ ಕೆಡವುತ್ತದೆ. ಒಪ್ಪಿಗೆ ಕೇಳಿ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಚಕ್ಕುಲಿ ಸ್ವಲ್ಪ ಖಾರ ಅಂದರು, ಆದರೂ ಡಬ್ಬಿ ವಾಪಸ್ ಕೊಡಲಿಲ್ಲ.

ಹಳೇ ಅರ್ಜಿಯನ್ನೇ ಮತ್ತೆ ಕಳಿಸಿದರೆ ನಡೆಯಲ್ಲ, ಹೊಸ ಸಾಕ್ಷಿ ಬೇಕು. ಈ ಸಲ ಅದಿತ್ತು. ಎರಡು ತಿಂಗಳ ಮೇಲೆ ಕೆಲವು ದಿನಕ್ಕೆ ಪತ್ರ ಬಂತು: ಬ್ಯಾಂಡ್ ಸಿ, 2017ರಿಂದಲೇ. ಅಲ್ಲಿಯವರೆಗೆ ಕಂತು ನಿಲ್ಲಿಸಿರಲಿಲ್ಲ, ನೀವೂ ನಿಲ್ಲಿಸಬೇಡಿ. ಬಂದಿದ್ದು 1,600 ಪೌಂಡ್ ಚಿಲ್ಲರೆ. ಅಜ್ಜಿಯ ಬ್ಯಾಂಡ್ ಅಲ್ಲಾಡಲಿಲ್ಲ, ಉಳಿದ ನಾಲ್ಕು ಸಿಗಳೂ ಹಾಗೇ ಇವೆ.

ಇನ್ನೆರಡು ಡಿ ಮನೆಗಳಲ್ಲಿ ಒಂದರವರು ನನ್ನ ಕಾಗದಗಳನ್ನೇ ಇಟ್ಟು ಹಾಕಿದರು, ಇಳಿಯಿತು. ಇನ್ನೊಂದರಲ್ಲಿ ಬಾಡಿಗೆಗೆ ಇರುವ ಕೇರಳದ ಹುಡುಗರು. ಓನರ್ ಅಲ್ಲ, ತೆರಿಗೆ ಕಟ್ಟುವ ನೀವೇ ಹಾಕಬಹುದು, ದುಡ್ಡೂ ನಿಮಗೇ ಬರುತ್ತೆ ಅಂತ ಹೇಳಿದ್ದೇನೆ. ಅವರಿಗೆ ನಂಬಿಕೆ ಬಂದಂತಿಲ್ಲ.

ಶಿವಮೊಗ್ಗದ ಗೆಳೆಯನಿಗೆ ಈಗ ಹುರುಪು ಬಂದಿದೆ. ಅವನದು ಸಿ, ಬಿಗೆ ಇಳಿಸಬೇಕಂತೆ. ಅವನ ಮನೆಯ ಲೆಕ್ಕ ಹಾಕಿ ನೋಡಿದೆ. ಹಿಂದಿನ ಓನರ್ ಪಕ್ಕಕ್ಕೆ ಎರಡು ರೂಮು ಏರಿಸಿ ಮಾರಿದ್ದು, ಇವನು ಕೊಂಡಿದ್ದು ಅದಾದ ಮೇಲೆ. ಕಟ್ಟಿಸಿದಾಗ ಬ್ಯಾಂಡ್ ಏರಲ್ಲ, ಮಾರಿದ ಮೇಲೆ ಏರಬಹುದು. ಅವನದು ಯಾಕೋ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. "ಮಾರಾಯ, ನೀನು ಮಾತ್ರ ಬಾಯಿ ಮುಚ್ಕೊಂಡಿರು" ಅಂದೆ. ಒಂದು ವಾರ ಫೋನ್ ಎತ್ತಲಿಲ್ಲ.

ನನ್ನ 1,600 ಡಿಸೆಂಬರ್‌ನಲ್ಲಿ ಕೆಟ್ಟ ಬಾಯ್ಲರ್‌ಗೆ ಹೋಯಿತು. ಮೇಲೆ ಇನ್ನೊಂದು ಏಳುನೂರು ಸೇರಿಸಬೇಕಾಯಿತು.